ಹಳೇ ಎಂಡ್ಯೂರೋ ಸೈಕಲ್ ಕೊಳ್ಳುವ ಮುಂಚೆ

ಮುಂದಿನ ಚಕ್ರ 170, ಹಿಂದಿನದು 160 ಮಿ.ಮೀ. ಮೇಲೆ ಕೆಳಗೆ ಆಡುವಂಥ ಸಸ್ಪೆನ್ಷನ್ ಇರುವ ಹಳೇ ಎಂಡ್ಯೂರೋ ಸೈಕಲ್ (ಬೆಟ್ಟದ ಇಳಿಜಾರಿನ ಮೌಂಟನ್ ಬೈಕ್) ತಗೊಳ್ಳಬಹುದಾ, ನೋಡಲು ಹೋದಾಗ ಏನು ಪರೀಕ್ಷಿಸಲಿ ಅಂತ ಕೇಳಿದ್ದೀರಿ. ಬಣ್ಣ, ಗೇರು, ಚೈನು ಆಮೇಲೆ ನೋಡಿ. ದುಡ್ಡು ನುಂಗುವುದು ಫ್ರೇಮು ಮತ್ತು ಸಸ್ಪೆನ್ಷನ್.

ಮೊದಲು ಸೀಟು ಹಿಡಿದು ಮೆಲ್ಲಗೆ ಮೇಲಕ್ಕೆತ್ತಿ. ಚಕ್ರ ನೆಲ ಬಿಡುವ ಮುಂಚೆ ಟಕ್ ಅಂತ ಸಡಿಲ ಸಿಕ್ಕಿದರೆ ಶಾಕ್‌ನ (ಹಿಂದಿನ ಪೆಟ್ಟು ತಡೆಯುವ ಶಾಕ್ ಅಬ್ಸಾರ್ಬರ್) ತುದಿಯ ಬುಶ್ ಅಥವಾ ಫ್ರೇಮಿನ ಕೀಲುಗಳಲ್ಲಿರುವ ಪಿವಟ್ ಬೇರಿಂಗ್ ಸವೆದಿರಬಹುದು. ಮಾರುವವರು ಒಪ್ಪಿದರೆ ಶಾಕ್‌ನ ಒಂದು ಬೋಲ್ಟ್ ಬಿಚ್ಚಿ, ಫ್ರೇಮಿನ ಹಿಂಭಾಗವನ್ನು ಕೈಯಲ್ಲೇ ಮೇಲೆ ಕೆಳಗೆ ಆಡಿಸಿ. ಎಲ್ಲೂ ತಡೆಯಬಾರದು, ಗರಗರ ಅನ್ನಬಾರದು. ಆ ಮಾಡೆಲ್‌ನ ಬೇರಿಂಗ್ ನಿಮ್ಮೂರಲ್ಲಿ ಸಿಗುತ್ತದಾ ಅಂತ ಮೊದಲೇ ವಿಚಾರಿಸಿ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್‌ನ ನುಣುಪಾದ ಕೊಳವೆ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳುವಂಥ ಗೀರಿದ್ದರೆ ನಾನಂತೂ ಚೌಕಾಸಿಗೂ ನಿಲ್ಲುವುದಿಲ್ಲ.

ಸ್ಪ್ರಿಂಗ್ ಬದಲು ಗಾಳಿ ತುಂಬುವ ಏರ್ ಶಾಕ್ ಆಗಿದ್ದರೆ ಓಡಿಸುವ ಮುಂಚೆ ನಿಮ್ಮ ತೂಕಕ್ಕೆ ಗಾಳಿ ಹೊಂದಿಸಿ. ಶಾಕ್‌ನ ಸ್ಟ್ರೋಕ್ (ಅದು ಪೂರ್ತಿ ಕುಗ್ಗುವ ದೂರ) 60 ಮಿ.ಮೀ. ಇದ್ದರೆ, ನೀವು ಕೂತಾಗ ಶಾಕ್ ಸುಮಾರು 18 ಮಿ.ಮೀ. ಇಳಿಯಬೇಕು, ಅಂದರೆ ಶೇ. 30. ಇದನ್ನು ಮಾಡದೆ ಓಡಿಸಿ ತುಂಬಾ ಗಟ್ಟಿ, ತುಂಬಾ ಮೆತ್ತಗೆ ಅನ್ನುವುದು ಸುಮ್ನೆ ಮಾತು.

ಇನ್ನು ನಿಮ್ಮ ಓಡಾಟ ಜಾಸ್ತಿ ಮಣ್ಣುರಸ್ತೆ, ತೋಟದ ದಾರಿ ಅಂದಿದ್ದೀರಿ, ಅಲ್ವಾ? ಈ ಸೈಕಲ್ ಕಡಿದಾದ ಇಳಿಜಾರಿಗೆ ಮಾಡಿದ್ದು. ಎಷ್ಟೋ ಮಾಡೆಲ್‌ಗಳು 15-16 ಕೆ.ಜಿ. ತೂಗುತ್ತವೆ, ಸಪಾಟು ದಾರಿಯಲ್ಲಿ ಕಾಲು ಸೋಲುತ್ತದೆ. ನಿಮಗೆ 130 ಮಿ.ಮೀ. ಸಸ್ಪೆನ್ಷನ್‌ನ ಟ್ರೇಲ್ ಸೈಕಲ್ (ಸಾಧಾರಣ ಕಚ್ಚಾದಾರಿಯ ಮೌಂಟನ್ ಬೈಕ್) ಸಾಕು. ಬಂಡೆಗಲ್ಲಿನ ಇಳಿಜಾರು ವಾರವಾರ ಸಿಗುವುದಾದರೆ ಮಾತ್ರ ಇದನ್ನು ತಗೊಳ್ಳಿ.