ಕುದುರೆಯ ತೂಕ ಯಾರು ನೋಡಿದರು?

ನವನಗರದ ಓದುಗರೊಬ್ಬರ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ನಾಲ್ಕು ಪುಟದ ಪತ್ರವನ್ನು ಇಲ್ಲಿ ಮೊಟಕು ಮಾಡಿದ್ದೇವೆ.

“ಮಾನ್ಯ ಸಂಪಾದಕರೇ, ಬೇಸಿಗೆ ಸಂಚಿಕೆಯಲ್ಲಿ ಕುದುರೆ ಸವಾರಿ ಶಿಬಿರಗಳ ಬಗ್ಗೆ ಬರೆದಿದ್ದಿರಿ. ‘ಐದರಿಂದ ಅರವತ್ತರವರೆಗೆ ಯಾರು ಬೇಕಾದರೂ ಕಲಿಯಬಹುದು’ ಅಂತ ಅದರಲ್ಲಿತ್ತು. ಅದನ್ನು ಓದಿ ನಾನೂ 11 ವರ್ಷದ ಮಗಳೂ ಹೆಸರು ಹಚ್ಚಿದೆವು. ಇಬ್ಬರ ಫೀಸೂ ಮುಂಗಡ ಕಟ್ಟಿದೆ. ಮೊದಲ ದಿನ ಅಲ್ಲಿಯ ಮಾಸ್ತರರು ಎಲ್ಲರ ಎದುರು ನನ್ನನ್ನು ತೂಕದ ಮಷಿನ್ ಮೇಲೆ ನಿಲ್ಲಿಸಿದರು. 84 ಕೆಜಿ ಬಂತು. ‘ಮೇಡಂ, ಕುದುರಿಗೂ ಜೀವದ ಆಸೆ ಐತ್ರಿ’ ಅಂದರು. ಎಲ್ಲರೂ ನಕ್ಕರು. ಮಗಳೂ ನಕ್ಕಳು, ಆಮೇಲೆ ಮನೆಗೆ ಬಂದು ಅತ್ತಳು. ನನಗೆ ಬೇಡ ಅಂದ ಕುದುರೆ ಕಂದು ಬಣ್ಣದ್ದು, ಕಿವಿಗಳ ತುದಿ ಒಂದಕ್ಕೊಂದು ತಾಗುತ್ತಿದ್ದವು. ಅರ್ಧ ತಾಸಿನ ನಂತರ ಮಾಸ್ತರರ ಗೆಳೆಯರೊಬ್ಬರು, ನನಗಿಂತ ದಪ್ಪ ಇದ್ದವರು, ಅದೇ ಕುದುರೆ ಏರಿ ಎರಡು ಸುತ್ತು ಓಡಿಸಿದರು. ದುಡ್ಡು ವಾಪಸ್ ಕೇಳಿದರೆ ಮಗಳ ಮುಂದಿನ ಕ್ಲಾಸಿಗೆ ಹೊಂದಿಸಿಕೊಳ್ಳುತ್ತಾರಂತೆ. ಹಿಂದಿನ ಕಾಲದ ರಾಜರು, ಸೈನಿಕರು ಕವಚ ತೊಟ್ಟು ಕುದುರೆ ಏರಲಿಲ್ಲವೇ? ತೂಕದ ಮಿತಿ ಅನ್ನುವುದು ನಿಜವಾಗಿ ಇದೆಯೋ, ಇಲ್ಲ ದಪ್ಪಗಿದ್ದವರನ್ನು ಹೊರಗೆ ಹಾಕುವ ನೆಪವೋ? ಮಗಳನ್ನು ಮುಂದೆ ಕಳಿಸಲೋ ಬೇಡವೋ?”

ಮೇಡಂ ಅನ್ನುವ ಮಾತು ಸದ್ಯ ನಿಮಗೆ ಚುಚ್ಚಬಹುದು. ಅಕ್ಕಾ ಅಂತಲೇ ಕರೆಯುತ್ತೇನೆ.

ಮೊದಲು ನಮ್ಮ ತಪ್ಪು. ‘ಐದರಿಂದ ಅರವತ್ತು’ ಅನ್ನುವ ಸಾಲು ನಮ್ಮದೇ. ವಯಸ್ಸು ಕೇಳಿದ್ದೆವು, ತೂಕ ಕೇಳಿರಲಿಲ್ಲ. ಅಲ್ಲಿ ಎಂಥ ಕುದುರೆಗಳಿವೆ, ಎಷ್ಟು ದೊಡ್ಡವು, ಅದನ್ನೂ ಕೇಳಿರಲಿಲ್ಲ. ಚಂದದ ಫೋಟೊ ಸಿಕ್ಕಿತ್ತು, ಹಾಕಿಬಿಟ್ಟೆವು. ಆ ಸಾಲು ನಂಬಿ ನೀವು ಅಲ್ಲಿಗೆ ಹೋದಿರಿ. ಕ್ಷಮೆ ಇರಲಿ.

ಈಗ ಕಹಿ ಮಾತು. ಮಿತಿ ಇದೆ. ಅದು ನೆಪ ಅಲ್ಲ.

ಕುದುರೆಯ ಬೆನ್ನು ನಾವು ಅಂದುಕೊಂಡಷ್ಟು ಗಟ್ಟಿಯಾದ ಹಲಗೆ ಅಲ್ಲ. ಮುಂದೆ ಎರಡು ಕಾಲು, ಹಿಂದೆ ಎರಡು ಕಾಲು, ನಡುವೆ ಬೆನ್ನು ಸೇತುವೆಯ ಹಾಗೆ ನಿಂತಿದೆ. ಕೆಳಗೆ ಕಂಬ ಇಲ್ಲ. ಮೇಲಿನ ಭಾರ ಹೊರುವುದು ಬೆನ್ನಿನ, ಹೊಟ್ಟೆಯ ಸ್ನಾಯುಗಳು. ಕುದುರೆಗೆ 18 ಜೊತೆ ಪಕ್ಕೆಲುಬು ಇರುತ್ತವೆ. ಜೀನು ಕೊನೆಯ ಪಕ್ಕೆಲುಬಿನ ಹಿಂದಕ್ಕೆ ದಾಟಬಾರದು. ದಾಟಿದರೆ ಭಾರ ಸೊಂಟದ ಮೇಲೆ ಬೀಳುತ್ತದೆ. ಅಲ್ಲಿ ಕೆಳಗೆ ಆಸರೆ ಏನೂ ಇಲ್ಲ.

ಎಷ್ಟು ಭಾರ ಸರಿ ಅನ್ನುವುದಕ್ಕೆ ಹಳೆಯ ಲೆಕ್ಕವೊಂದಿದೆ. ಸವಾರನೂ ಜೀನೂ ಸೇರಿ ಕುದುರೆಯ ತೂಕದ ಐದನೇ ಒಂದು ಪಾಲು, ಅಂದರೆ ನೂರಕ್ಕೆ 20. ಅಮೆರಿಕದ ಕುದುರೆ ಪಡೆ 1920ರ ಹೊತ್ತಿಗೇ ಈ ಲೆಕ್ಕ ಹೇಳಿತ್ತು. 2008ರಲ್ಲಿ ಅಲ್ಲಿನ ಓಹಿಯೊ ರಾಜ್ಯದಲ್ಲಿ ಎಂಟು ಕುದುರೆಗಳ ಮೇಲೆ ಇದನ್ನು ಪರೀಕ್ಷೆ ಮಾಡಿದರು. ನೂರಕ್ಕೆ 15, 20, 25, 30 ಹೀಗೆ ಭಾರ ಏರಿಸುತ್ತ ಹೋದರು. 20ರವರೆಗೆ ದೊಡ್ಡ ತೊಂದರೆ ಕಾಣಲಿಲ್ಲ. 25 ಮುಟ್ಟಿದ ಮೇಲೆ ಎದೆಬಡಿತ ಏರಿತು, ಮರುದಿನ ಮೈ ನೋವು ಕಂಡಿತು. ಸೊಂಟ ಅಗಲ ಇದ್ದ, ಮುಂಗಾಲಿನ ಎಲುಬು ದಪ್ಪ ಇದ್ದ ಕುದುರೆಗಳಿಗೆ ನೋವು ಕಡಿಮೆ. ಇಂಗ್ಲೆಂಡಿನಲ್ಲಿ ನಡೆದ ಇನ್ನೊಂದು ಸಣ್ಣ ಪರೀಕ್ಷೆಯ ಫಲಿತಾಂಶ 2018ರಲ್ಲಿ ಹೊರಬಂತು. ಆರು ಕುದುರೆ, ಬೇರೆ ಬೇರೆ ತೂಕದ ನಾಲ್ವರು ಸವಾರರು. ಹೆಚ್ಚು ತೂಕದ ಇಬ್ಬರ ಸುತ್ತುಗಳನ್ನೆಲ್ಲ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹೆಚ್ಚಿನ ಸಲ ಕಾರಣ, ಕುದುರೆ ತಾತ್ಕಾಲಿಕವಾಗಿ ಕುಂಟತೊಡಗಿದ್ದು. ಆ ಇಬ್ಬರಲ್ಲಿ ಒಬ್ಬರು 20ರ ಒಳಗೇ ಇದ್ದರು. ಹಾಗಾಗಿ 20 ಅನ್ನುವುದು ಕಲ್ಲಿನ ಮೇಲೆ ಕೆತ್ತಿದ ಅಂಕಿ ಅಲ್ಲ. ಜೀನು ಸರಿ ಕೂತಿದೆಯಾ, ಸವಾರ ಎಲ್ಲಿ ಕೂತಿದ್ದಾನೆ, ಇವೂ ಲೆಕ್ಕಕ್ಕೆ ಬರುತ್ತವೆ.

ನಮ್ಮ ಸರ್ಕಾರದ ನಿಯಮವೂ ಇದೆ. ಭಾರ ಹೊರುವ ಪ್ರಾಣಿಗಳ ಬಗ್ಗೆ 1965ರಲ್ಲಿ ಮಾಡಿದ್ದು. ಟಟ್ಟುವಿನ ಮೇಲೆ 70 ಕೆಜಿಗಿಂತ ಜಾಸ್ತಿ ಹೇರಬಾರದು, ಕತ್ತೆಯ ಮೇಲೆ 50 ಕೆಜಿಗಿಂತ ಜಾಸ್ತಿ ಹೇರಬಾರದು. ಅದು ಹೇರುವ ಮೂಟೆಯ ಮಾತು. ಮೂಟೆ ಕುಣಿಯುವುದಿಲ್ಲ, ಲಗಾಮು ಜಗ್ಗುವುದಿಲ್ಲ. ಮನುಷ್ಯ ಎರಡೂ ಮಾಡುತ್ತಾನೆ.

ಇಷ್ಟು ಓದಿದ ಮೇಲೆ ನನಗೂ ಸುಮ್ನೆ ಕೂರಲಾಗಲಿಲ್ಲ. ಹಳೇ ಹುಬ್ಬಳ್ಳಿಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುವ ಹಿರಿಯರೊಬ್ಬರಿದ್ದಾರೆ. ಮೊದಲು ಟಾಂಗಾ ಹೊಡೆಯುತ್ತಿದ್ದರಂತೆ. ಓಣಿಯವರೆಲ್ಲ ಚಾಚಾ ಅನ್ನುತ್ತಾರೆ. ನಮ್ಮ ಮನೆಯ ಹೊಲಿಗೆ ಮಷಿನ್‌ನ ಡ್ರಾದಿಂದ ಟೇಪು ತೆಗೆದುಕೊಂಡು ಒಂದು ಬೆಳಿಗ್ಗೆ ಅವರ ಲಾಯಕ್ಕೆ ಹೋದೆ. ಕುದುರೆ ತೂಗಲು ತಕ್ಕಡಿ ಬೇಕಿಲ್ಲ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಬೇಕು. ಹೆಗಲಿನ ಮುಂಚೂಣಿಯಿಂದ ಹಿಂಭಾಗದ ತುದಿಯವರೆಗೆ ಉದ್ದ ತೆಗೆಯಬೇಕು. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕೆಜಿ ಲೆಕ್ಕ ಬರುತ್ತದೆ.

ಟೇಲರ್ ಟೇಪು 150 ಸೆಂಟಿಮೀಟರಿಗೇ ಮುಗಿಯುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ. ಬಿಳಿ ಹೆಣ್ಣು ಕುದುರೆಯ ಎದೆ ಸುತ್ತಿ ಬಂದ ಟೇಪಿನ ಎರಡು ತುದಿ ಕೂಡಲು ಎರಡು ಬೆರಳು ಕಡಿಮೆ ಬಿತ್ತು. ಚಾಚಾ ನಕ್ಕು ಮೇವಿನ ಪೆಂಡಿಯ ಸುತಳಿ ಬಿಚ್ಚಿ ಕೊಟ್ಟರು. ಸುತಳಿ ಸುತ್ತಿ, ಗಂಟು ಹಾಕಿ, ನೆಲದ ಮೇಲೆ ಚಾಚಿ ಅಳೆದೆವು. 153. ಉದ್ದ 138. ಮೊಬೈಲಿನಲ್ಲಿ ಗುಣಿಸಿದರೆ 272 ಕೆಜಿ. ಅದರ ಐದನೇ ಒಂದು ಪಾಲು 54 ಕೆಜಿ ಚಿಲ್ಲರೆ. ಜರಿ ಬಟ್ಟೆ ಹೊದಿಸಿದ ಮದುವೆ ಜೀನನ್ನು ಮೇವು ತೂಗುವ ಕೊಕ್ಕೆ ತಕ್ಕಡಿಗೆ ನೇತುಹಾಕಿದೆವು, 9 ಕೆಜಿ. ಉಳಿದದ್ದು 45.

ನಮ್ಮ ಕಡೆ ಯಾವ ಮದುಮಗ 45 ಕೆಜಿ ಇರ್ತಾನೆ ಹೇಳಿ? ಅವನ ಮುಂದೆ ಅಕ್ಕನ ಮಗನನ್ನು ಬೇರೆ ಕೂರಿಸಿರುತ್ತಾರೆ. ನನ್ನ ಮದುವೆಯಲ್ಲೂ ಕೂರಿಸಿದ್ದರು.

ಚಾಚಾ ಲೆಕ್ಕ ಒಪ್ಪಿದರು, ಪೂರ್ತಿ ಅಲ್ಲ. “ಖರೆ ಐತ್ರಿ ಸಾಹೇಬ್ರ. ಆದ್ರ ಮದುಮಗ ಅರ್ಧ ತಾಸು ನಡಿಗಿ ಮ್ಯಾಲ ಕುಂತಿರ್ತಾನ. ನಮ್ಮ ಕುದುರಿಗೆ ಜೀವ ತಿನ್ನೂದು ಆ ಡಿಜೆ.” ಅದೂ ನಿಜವೇ. ಆದರೂ 54 ಅನ್ನುವ ಅಂಕಿ ಕೇಳಿ ಅವರು ಸ್ವಲ್ಪ ಹೊತ್ತು ಕುದುರೆಯ ಕುತ್ತಿಗೆ ಸವರುತ್ತ ನಿಂತರು.

ಅಷ್ಟರಲ್ಲಿ ಅವರ ಇನ್ನೊಂದು ಕುದುರೆ ಸುತ್ತು ಮುಗಿಸಿ ಬಂತು. ಜೀನು ತೆಗೆದರು. ಬೆನ್ನೆಲ್ಲ ಬೆವರಿ ಕೂದಲು ಅಂಟಿಕೊಂಡಿತ್ತು. ಬಲಗಡೆ ಹೆಗಲಿನ ಹಿಂದೆ ಮಾತ್ರ ಅಂಗೈ ಅಗಲದ ಜಾಗ ಒಣಗಿತ್ತು. ನಾನಾಗಿದ್ದರೆ ಒಣಗಿದ್ದೇ ಒಳ್ಳೆಯದು ಅಂದುಕೊಳ್ಳುತ್ತಿದ್ದೆ. ಚಾಚಾ ಅಲ್ಲಿ ಹೆಬ್ಬೆರಳು ಒತ್ತಿದರು. ಕುದುರೆ ಕಿವಿ ಹಿಂದಕ್ಕೆ ಮಾಡಿ ಬೆನ್ನು ತಗ್ಗಿಸಿತು. “ಇಲ್ಲಿ ಒತ್ತೇತ್ರಿ. ಒತ್ತಿದಲ್ಲಿ ಬೆವರು ಬರೂದಿಲ್ಲ.” ಒತ್ತಡ ಹೀಗೇ ಮುಂದುವರಿದು ಗಾಯವಾದರೆ ಅಲ್ಲಿ ಮುಂದೆ ಬಿಳಿ ಕೂದಲು ಬರುತ್ತದೆ. ಕಪ್ಪು, ಕಂದು ಕುದುರೆಗಳ ಬೆನ್ನ ಮೇಲೆ ಕಾಣುವ ಬಿಳಿ ಚುಕ್ಕೆಗಳಲ್ಲಿ ಎಷ್ಟೋ ಹುಟ್ಟಿನಿಂದ ಬಂದವಲ್ಲ, ಜೀನಿನಿಂದ ಬಂದವು.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. 84 ಕೆಜಿ ನೀವು. ಜೀನು 8, ಹೆಲ್ಮೆಟ್ಟು ಬೂಟು 2. ಒಟ್ಟು 94. ಇದನ್ನು ಐದನೇ ಪಾಲಿನೊಳಗೆ ಹೊರಬೇಕಾದರೆ 470 ಕೆಜಿ ಕುದುರೆ ಬೇಕು. ನೀವು ಹೇಳಿದ ಕಿವಿ ನೋಡಿದರೆ ಅದು ಮಾರವಾಡಿ ಇಲ್ಲವೇ ಕಾಠಿಯಾವಾಡಿ ತಳಿ. ಆ ತಳಿಗಳಲ್ಲಿ ಹೆಚ್ಚಿನವು 400 ಕೆಜಿಯ ಒಳಗೇ ಇರುತ್ತವೆ. ಅಂದರೆ ನಿಮ್ಮನ್ನು ಆ ಕುದುರೆ ಮೇಲೆ ಕೂರಿಸದೆ ಇದ್ದದ್ದು ಸರಿ. ಮಾಸ್ತರರ ಗೆಳೆಯರನ್ನು ಕೂರಿಸಿದ್ದು ತಪ್ಪು. ಅವರು ಪಳಗಿದ ಸವಾರರೇ ಇರಬಹುದು. ಪಳಗಿದ ಮಾತ್ರಕ್ಕೆ ಯಾರೂ ಹಗುರಾಗುವುದಿಲ್ಲ, ಭಾರ ಅತ್ತಿತ್ತ ಕದಲುವುದಿಲ್ಲ ಅಷ್ಟೇ. ನನ್ನ ತೂಕ 82. ನನ್ನನ್ನೂ ಅದು ಹೊರಬಾರದು.

ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಕುದುರೆಗಳು 450, 500 ಕೆಜಿ ತೂಗುತ್ತವೆ. ನಮ್ಮ ದೇಶದ ಎಷ್ಟೋ ಸವಾರಿ ಶಾಲೆಗಳಲ್ಲಿ ಇರುವುದು ಅವೇ. ಲೆಕ್ಕದಲ್ಲಿ ಅವು ನಿಮ್ಮನ್ನು ಹೊತ್ತಾವು. ಆದರೆ ಓಡುವುದಕ್ಕೆಂದೇ ಬೆಳೆಸಿದ ಕುದುರೆ ಅದು, ಒಂದು ಪ್ಲಾಸ್ಟಿಕ್ ಚೀಲ ಹಾರಿದರೆ ಸಾಕು. ಮೊದಲ ದಿನದವರಿಗೆ ಬೇಕಾದದ್ದು ಶಾಂತ ಸ್ವಭಾವದ, ಅಗಲ ಬೆನ್ನಿನ ಕುದುರೆ. ಅಂಥದ್ದು ನಮ್ಮ ಕಡೆ ಸಿಗುವುದು ಕಷ್ಟ.

ಹೊಸಬರ ವಿಷಯದಲ್ಲಿ ಮಿತಿ ಇನ್ನೂ ಬಿಗಿ ಇರಬೇಕು. ಕುದುರೆ ನಡೆಯುವಾಗ ಬೆನ್ನಿಗೆ ಬೀಳುವ ಭಾರ ಹೆಚ್ಚುಕಡಿಮೆ ಸವಾರನ ತೂಕದಷ್ಟೇ. ಟ್ರಾಟ್, ಅಂದರೆ ಕುಲುಕಾಟದ ನಿಧಾನ ಓಟ, ಶುರುವಾದರೆ ಒಂದೊಂದು ಹೆಜ್ಜೆಗೂ ಅದು ಸುಮಾರು ಎರಡು ಪಟ್ಟು ಆಗುತ್ತದೆ. ಪಳಗಿದವರು ಮೊಣಕಾಲು, ಹಿಮ್ಮಡಿಯಲ್ಲಿ ಆ ಪೆಟ್ಟನ್ನು ನುಂಗುತ್ತಾರೆ. ಹೊಸಬರು ಹಿಟ್ಟಿನ ಚೀಲದ ಹಾಗೆ ದೊಪ್ ದೊಪ್ ಬೀಳುತ್ತಾರೆ. ಬೀಳುವ ಹೆದರಿಕೆಗೆ ಲಗಾಮು ಹಿಡಿದು ನೇತಾಡುತ್ತಾರೆ. ಕಡಿವಾಣ ಕುದುರೆಯ ಬಾಯಿ ಕೊಯ್ಯುತ್ತದೆ. 60 ಕೆಜಿ ಹುಡುಗನೂ ಹಾಗೆಯೇ ಮಾಡುತ್ತಾನೆ. ಇದು ಕಲಿಯುವವರ ತಪ್ಪಲ್ಲ. ಮೊದಲ ದಿನವೇ ಟ್ರಾಟ್ ಹೊಡೆಸಿ, ವಿಡಿಯೋ ಮಾಡಿ, ನಗುವವರ ತಪ್ಪು.

ಮೊದಲ ಪಾಠ ನಾನು ನೋಡಿದ ಒಳ್ಳೆಯ ಕಡೆ ಹೀಗಿರುತ್ತದೆ. ಏರುವ ಮೊದಲು ಕುದುರೆಯ ಮೈ ಉಜ್ಜಿಸುತ್ತಾರೆ, ಗೊರಸು ಎತ್ತಿ ಮಣ್ಣು ತೆಗೆಸುತ್ತಾರೆ. ಏರಿಸುವುದು ಕಟ್ಟೆಯ ಮೇಲಿಂದ. ನೆಲದಿಂದ ರಿಕಾಪಿಗೆ, ಅಂದರೆ ಜೀನಿನಿಂದ ಇಳಿಬಿದ್ದ ಕಾಲುಬಳೆಗೆ, ಕಾಲಿಟ್ಟು ಜಗ್ಗಿ ಏರಿದರೆ ಜೀನು ಒಂದು ಕಡೆ ವಾಲಿ ಬೆನ್ನು ತಿರುಚುತ್ತದೆ. ಲಗಾಮು ಕಲಿಸುವವರ ಕೈಯಲ್ಲೇ, ಹೊಸಬರ ಕೈಯಲ್ಲಿ ಕುದುರೆಯ ಜೂಲು. ಉದ್ದ ಹಗ್ಗದ ಮೇಲೆ ನಡಿಗೆಯ ಸುತ್ತು, ಅರ್ಧ ತಾಸು, ಮುಗಿಯಿತು. ಇಷ್ಟಕ್ಕೇ ಮರುದಿನ ಮೆಟ್ಟಿಲು ಇಳಿಯುವಾಗ ತೊಡೆ ಅಳುತ್ತವೆ.

ರಾಜರ ಮಾತು ಎತ್ತಿದ್ದೀರಿ. ಹಾವೇರಿ, ಗದಗ ಸೀಮೆಯ ವೀರಗಲ್ಲುಗಳ ಮೇಲೆ ಕುದುರೆ ಏರಿದ ವೀರರನ್ನು ಬೇಕಾದಷ್ಟು ನೋಡಬಹುದು. ಆ ಕುದುರೆಗಳು ಎಷ್ಟು ವರ್ಷ ಬಾಳಿದವು ಅಂತ ಕಲ್ಲು ಹೇಳುವುದಿಲ್ಲ. ವಿಜಯನಗರದಲ್ಲಿ ಇದ್ದು ಹೋದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ಪ್ರಕಾರ, ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ದುಡ್ಡು ಸಿಗುತ್ತಿದ್ದ ಕಾಲವೊಂದಿತ್ತಂತೆ. ಬಾಳಿಕೆ ಬರುವ ವಸ್ತುವನ್ನು ಯಾರೂ ವರ್ಷ ವರ್ಷ ಅಷ್ಟು ಕೊಳ್ಳುವುದಿಲ್ಲ, ಅಲ್ವಾ?

ಈಗ ಆ ಮಾಸ್ತರರ ಮಾತು. ಕುದುರೆ ಬಗ್ಗೆ ಅಷ್ಟು ಕಾಳಜಿ ಇದ್ದವರು ಮೊದಲು ಕುದುರೆಯನ್ನು ಅಳೆದಿರಬೇಕಿತ್ತು. ಯಾವ ಕುದುರೆಗೆ ಎಷ್ಟು ಕೆಜಿ ಅಂತ ಲಾಯದ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರೆ, ಫೀಸು ತೆಗೆದುಕೊಳ್ಳುವ ಮೊದಲು ಫೋನಿನಲ್ಲೇ ನಿಮ್ಮ ತೂಕ ಕೇಳಿದ್ದರೆ, ನೀವು ಬೇಜಾರಾಗುತ್ತಿದ್ದಿರಿ, ಅಷ್ಟೇ. ಮಗಳ ಎದುರು ತಲೆ ತಗ್ಗಿಸುತ್ತಿರಲಿಲ್ಲ. ಎಲ್ಲರ ಎದುರು ಒಬ್ಬರನ್ನಷ್ಟೇ ತೂಗಿ, ಗೆಳೆಯನನ್ನು ತೂಗದೆ ಬಿಟ್ಟರೆ ಅದನ್ನು ನಿಯಮ ಅನ್ನಲು ನನಗೆ ಬಾಯಿ ಬರುವುದಿಲ್ಲ. ಒಬ್ಬರ ಮೈ ತೋರಿಸಿ ನಾಲ್ಕು ಜನರನ್ನು ನಗಿಸಿದ್ದು ಅದು. ನಿಮ್ಮ ದುಡ್ಡನ್ನು ಹೊಂದಾಣಿಕೆ ಪಂದಾಣಿಕೆ ಅನ್ನದೆ ವಾಪಸ್ ಕೇಳಿ, ಬರವಣಿಗೆಯಲ್ಲಿ ಕೇಳಿ. ನಮ್ಮ ಬೇಸಿಗೆ ಸಂಚಿಕೆಯ ಆ ಪುಟವನ್ನೂ ಜೊತೆಗೆ ಲಗತ್ತಿಸಿ. ಇನ್ನು ಮುಂದೆ ಶಿಬಿರದ ಸುದ್ದಿ ಹಾಕುವಾಗ ನಾವು ಕುದುರೆಗಳ ತೂಕ ಕೇಳಿಯೇ ಹಾಕುತ್ತೇವೆ.

ಮಗಳನ್ನು ಕಳಿಸಬೇಕೋ ಬೇಡವೋ? 11 ವರ್ಷದ ಮಗುವನ್ನು ಆ ಕುದುರೆ ದೊಡ್ಡ ಭಾರ ಅನ್ನಲಾರದು. ಆದರೆ ಒಂದು ದಿನ ಮುನ್ಸೂಚನೆ ಕೊಡದೆ ಹೋಗಿ, ಕ್ಲಾಸ್ ಮುಗಿಯುವ ಹೊತ್ತಿಗೆ. ಜೀನು ತೆಗೆಯುವಾಗ ಹತ್ತಿರ ನಿಂತು ಬೆನ್ನು ನೋಡಿ. ಬೆವರು ಎರಡೂ ಕಡೆ ಒಂದೇ ಸಮ ಇದೆಯಾ, ಒಣ ಜಾಗ ಇದೆಯಾ, ಬಿಳಿ ಕೂದಲು ಇದೆಯಾ. ನೋಡಲು ಬಿಡಲಿಲ್ಲ ಅಂದರೆ ಮಗಳ ಕೈ ಹಿಡಿದು ಹೊರಗೆ ಬಂದುಬಿಡಿ.

ನಿಮ್ಮ ಪತ್ರದ ವಿಷಯ ಚಾಚಾಗೆ ಹೇಳಿದೆ, ಹೆಸರು ಹೇಳಲಿಲ್ಲ. ಅವರು ಸುತಳಿಯ ಗಂಟು ಬಿಚ್ಚಿ ಮತ್ತೆ ಮೇವಿನ ಪೆಂಡಿಗೆ ಕಟ್ಟುತ್ತಿದ್ದರು. “ಆ ಅಕ್ಕಾರಿಗೆ ಮಗಳನ್ನ ಕರ್ಕೊಂಡು ಬರಾಕ ಹೇಳ್ರಿ. ಹತ್ತೂದು ಬ್ಯಾಡ. ಮೈ ಉಜ್ಜೂದು ಕಲಸ್ತೀನಿ, ಅದಕ್ಕ ತೂಕ ಕೇಳೂದಿಲ್ಲ ನಾ.” ಬೆಳಿಗ್ಗೆ ಏಳರೊಳಗೆ ಹೋಗಬೇಕಂತೆ. ವಿಳಾಸ ಬೇಕಿದ್ದರೆ ನಮ್ಮ ಕಚೇರಿಗೆ ಫೋನ್ ಮಾಡಿ.