ವರದಿಯಲ್ಲಿ 45 ಅಂತಿದೆ, ಮಗು ಸರಿ ಇರುತ್ತಾ?

ಪ್ರಶ್ನೆ: ನನಗೆ 29 ವರ್ಷ. ಎರಡು ಸಲ ಗರ್ಭ ನಿಲ್ಲಲಿಲ್ಲ. ಆಮೇಲೆ ಇಬ್ಬರೂ ಕ್ರೋಮೋಸೋಮ್ ಪರೀಕ್ಷೆ ಮಾಡಿಸಿದೆವು. ಗಂಡನದು ನಾರ್ಮಲ್. ನನ್ನದು 46ರ ಬದಲು 45, ‘14 ಮತ್ತು 21ರ ರಾಬರ್ಟ್‌ಸೋನಿಯನ್ ಟ್ರಾನ್ಸ್‌ಲೊಕೇಶನ್’ ಎಂದಿದೆ. ಈಗ 9 ವಾರ. ಡಾಕ್ಟರ್ ಹೊಟ್ಟೆಯಿಂದ ಮಗುವಿನ ಸುತ್ತಲಿನ ನೀರು ತೆಗೆದು ನೋಡೋಣ ಅಂತಾರೆ, ಅತ್ತೆ ಸೂಜಿ ಬೇಡವೇ ಬೇಡ ಅಂತಾರೆ. ಎನ್‌ಐಪಿಟಿ ರಕ್ತಪರೀಕ್ಷೆ ಸಾಲದೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಸಾಲದು. ತಾಯಿಯ ರಕ್ತದಲ್ಲಿ ಗರ್ಭದ ಡಿಎನ್‌ಎ ಚೂರು ನೋಡುವ ಎನ್‌ಐಪಿಟಿ, ಡೌನ್ ಸಿಂಡ್ರೋಮ್‌ನ ಅನುಮಾನ ಹೇಳಬಲ್ಲದು, ಖಚಿತ ಮಾಡಲಾರದು.

ಮೊದಲು ನಿಮ್ಮ 45ರ ವಿಷಯ. ಜೀನ್‌ಗಳನ್ನು ಹೊರುವ ಎಳೆಗಳಾದ ಕ್ರೋಮೋಸೋಮ್‌ಗಳಲ್ಲಿ ನಿಮ್ಮ ಒಂದು 14 ಮತ್ತು ಒಂದು 21 ಅಂಟಿಕೊಂಡು ಒಂದಾಗಿವೆ. ಎರಡು ಪುಸ್ತಕಗಳನ್ನು ಒಂದೇ ರಟ್ಟಿನಲ್ಲಿ ಬೈಂಡ್ ಮಾಡಿದ ಹಾಗೆ ಅಷ್ಟೇ, ಬೇಕಾದ ಪುಟ ಒಂದೂ ಕಳೆದಿಲ್ಲ, ಅದಕ್ಕೇ ನೀವು ಆರೋಗ್ಯವಾಗಿದ್ದೀರಿ. (ಈ ಜೋಡಣೆಗೆ ಯಾರ ಹೆಸರಿದೆಯೋ ಆ ರಾಬರ್ಟ್‌ಸನ್ 1916ರಲ್ಲಿ ಇದನ್ನು ಕಂಡಿದ್ದು ಮಿಡತೆಗಳಲ್ಲಿ!) ತೊಂದರೆ ಬರುವುದು ಅಂಡಾಣು ತಯಾರಾಗುವಾಗ. ಹಂಚಿಕೆ ತಪ್ಪಿ 14 ಹೆಚ್ಚು ಕಡಿಮೆಯಾದರೆ ಗರ್ಭ ಉಳಿಯುವುದಿಲ್ಲ. ನಿಮಗೆ ಎರಡು ಸಲ ಹಾಗೆಯೇ ಆಗಿರಬಹುದು. 21 ಹೆಚ್ಚಾದರೆ ಡೌನ್ ಸಿಂಡ್ರೋಮ್. ತಾಯಿಗೆ ಈ ಜೋಡಣೆ ಇದ್ದಾಗ ನೀರಿನ ಪರೀಕ್ಷೆಯಲ್ಲಿ ಅದು ಕಾಣುವುದು 100ರಲ್ಲಿ ಸುಮಾರು 10ರಿಂದ 15 ಗರ್ಭಗಳಲ್ಲಿ. ಅಂದರೆ ಲೆಕ್ಕ ನಿಮ್ಮ ಕಡೆಗೇ ಜಾಸ್ತಿ ಇದೆ, ಅಲ್ವಾ?

ದಾರಿ ಎರಡು. 11ರಿಂದ 13 ವಾರದೊಳಗೆ ಮಾಸಿನ (ಪ್ಲಾಸೆಂಟಾದ) ಚೂರು ತೆಗೆಯುವುದು, ಇಲ್ಲವೇ 15 ವಾರ ತುಂಬಿದ ಮೇಲೆ ನೀರು ತೆಗೆಯುವುದು. ಪಳಗಿದ ಕೈಯಲ್ಲಿ ಸೂಜಿಯಿಂದ ಗರ್ಭ ಹೋಗುವುದು 200ರಲ್ಲಿ ಒಬ್ಬರಿಗೂ ಕಡಿಮೆ. ಅತ್ತೆಯವರಿಗೆ ಇದನ್ನೇ ಹೇಳಿ. ಲ್ಯಾಬಿಗೆ ನಿಮ್ಮ ಹಳೇ ವರದಿ ಕೊಟ್ಟು ‘ಕ್ಯಾರಿಯೋಟೈಪ್ (ಕ್ರೋಮೋಸೋಮ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಬೇಕು’ ಎಂದು ಕೇಳಿ, ಯಾಕೆಂದರೆ ಬರೀ ಮೈಕ್ರೊಅರೇ (ಡಿಎನ್‌ಎ ಪ್ರಮಾಣ ಅಳೆಯುವ ಪರೀಕ್ಷೆ) ಮಾಡಿದರೆ ಹೆಚ್ಚು ಕಡಿಮೆಯಾದದ್ದು ಸಿಗುತ್ತದೆ, ಅಂಟಿಕೊಂಡದ್ದು ಕಾಣುವುದಿಲ್ಲ. 21 ಹೆಚ್ಚಿದೆಯೇ ಎಂಬ ಉತ್ತರ ಕೆಲವೇ ದಿನಗಳಲ್ಲಿ ಬರುತ್ತದೆ, ಪೂರ್ತಿ ವರದಿಗೆ ಎರಡು ಮೂರು ವಾರ. ಅದಕ್ಕೇ ಸುಮ್ನೆ ಮುಂದೂಡಬೇಡಿ. ಗರ್ಭಪಾತದ ಕಾನೂನಿಗೆ 2021ರಲ್ಲಿ ತಿದ್ದುಪಡಿಯಾದ ಮೇಲೆ, ಗರ್ಭ ತೆಗೆಸಲು 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು, 24 ದಾಟಿದರೆ ಮೆಡಿಕಲ್ ಬೋರ್ಡ್ ಮುಂದೆ ಹೋಗಬೇಕು. ಮುಂದುವರಿಸುವುದೋ ಬಿಡುವುದೋ ನಿಮ್ಮಿಬ್ಬರ ತೀರ್ಮಾನ, ಆದರೆ ಯೋಚಿಸಲು ಸಮಯ ಉಳಿದಿರಬೇಕು.

ಎರಡು ಸಲ ಗರ್ಭಪಾತವಾದವರಿಗೆ ಈ ಪರೀಕ್ಷೆಗೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾನೂನಿನಲ್ಲೇ ಅವಕಾಶವಿದೆ. ನೋಂದಣಿ ಇರುವ ಕಡೆ ಮಾತ್ರ ಮಾಡಿಸಿ. ಒಪ್ಪಿಗೆಗೆ ನಿಮ್ಮ ಸಹಿ ಸಾಕು, ಅತ್ತೆಯದು ಬೇಡ. ಗಂಡೋ ಹೆಣ್ಣೋ ಎಂದು ಕೇಳಬೇಡಿ, ಅವರು ಹೇಳುವಂತಿಲ್ಲ.

ಮಗುವಿನ ವರದಿಯಲ್ಲೂ ನಿಮ್ಮ ಹಾಗೇ 45 ಬಂದರೆ ಗಾಬರಿ ಬೇಡ. ಅದು ನಿಮ್ಮದೇ ನಕಲು. ನಿಮ್ಮ ಅಣ್ಣ ತಂಗಿಯರಿಗೂ ವಿಷಯ ತಿಳಿಸಿ, ಅವರಲ್ಲೂ ಇದು ಇರಬಹುದು.

ಪ್ರಶ್ನೆ: ಮಗುವಿನ ನೀರಿನ ವರದಿಯಲ್ಲಿ ‘9ರಲ್ಲಿ ಇನ್ವರ್ಶನ್’ ಎಂದಿದೆ. ನಿದ್ದೆ ಬರುತ್ತಿಲ್ಲ.
– ಒಬ್ಬ ಅಪ್ಪ, ಶಿರಸಿ

ಉತ್ತರ: ಮಲಗಿ. 9ನೇ ಕ್ರೋಮೋಸೋಮಿನ ನಡುಭಾಗ ತಿರುವುಮುರುವಾಗಿರುವುದು ಆರೋಗ್ಯವಂತರಲ್ಲೂ ಸಾಮಾನ್ಯ, ಅದನ್ನು ರೋಗವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ವರದಿಯಲ್ಲಿ ಬೇರೇನಾದರೂ ಬರೆದಿದ್ದರೆ ಮಾತ್ರ ಜೆನೆಟಿಕ್ ಕೌನ್ಸೆಲರ್‌ಗೆ ತೋರಿಸಿ.