ಬ್ಯಾಂಕ್ ಮುರಿದುಕೊಂಡ ಟಿಡಿಎಸ್ ಅಪ್ಪನಿಗೆ ವಾಪಸ್ ಸಿಗುತ್ತದೆಯೇ?

ಪ್ರಶ್ನೆ: ನಮ್ಮ ತಂದೆಗೆ 72 ವರ್ಷ. ಖಾಸಗಿ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಇಪಿಎಫ್ ಪಿಂಚಣಿ ತಿಂಗಳಿಗೆ 2,400 ರೂಪಾಯಿ ಬರುತ್ತದೆ. ಬ್ಯಾಂಕಿನಲ್ಲಿ ಶೇ 7ರ ಬಡ್ಡಿಗೆ 20 ಲಕ್ಷದ ಎಫ್‌ಡಿ, ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಶೇ 8.2ಕ್ಕೆ 15 ಲಕ್ಷ ಇದೆ. 2025-26ರಲ್ಲಿ ಎರಡೂ ಕಡೆ ಟಿಡಿಎಸ್ (ಬಡ್ಡಿ ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿದ್ದಾರೆ. ‘12 ಲಕ್ಷದವರೆಗೆ ತೆರಿಗೆಯೇ ಇಲ್ಲ, ರಿಟರ್ನ್ ಯಾಕೆ’ ಎಂದು ಅಪ್ಪ ಸುಮ್ಮನಿದ್ದಾರೆ. ಹಿಂದಿನ ಎರಡು ವರ್ಷವೂ ಹೀಗೇ ಆಗಿದೆ. ಏನು ಮಾಡಬೇಕು?
– ಓದುಗರು, ದಾವಣಗೆರೆ

ಉತ್ತರ: ತೆರಿಗೆ ಇಲ್ಲ ಎಂದು ನಿಮ್ಮ ತಂದೆ ಹೇಳುವುದು ಸರಿ. ರಿಟರ್ನ್ ಹಾಕಬೇಕಾದದ್ದೂ ಅದಕ್ಕೇ.

ಲೆಕ್ಕ ನೋಡಿ. ಎಫ್‌ಡಿ ಬಡ್ಡಿ 1,40,000, ಅಂಚೆ ಕಚೇರಿಯ ಬಡ್ಡಿ 1,23,000, ಪಿಂಚಣಿ 28,800. ಒಟ್ಟು 2,91,800 ರೂಪಾಯಿ. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಶುರುವಾಗುವುದಿಲ್ಲ, 12 ಲಕ್ಷದ ರಿಯಾಯಿತಿಯ ಮಾತು ಆಮೇಲಿನದು. ಆದರೆ ಬ್ಯಾಂಕಿಗೆ ನಿಮ್ಮ ತಂದೆಯ ಒಟ್ಟು ಆದಾಯ ಗೊತ್ತಿರುವುದಿಲ್ಲ. ಹಿರಿಯ ನಾಗರಿಕರಿಗೆ ಒಂದು ಬ್ಯಾಂಕಿನಿಂದ ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಬಡ್ಡಿ ಬಂದರೆ ಅದು ಶೇ 10 ಹಿಡಿಯಲೇಬೇಕು. ಅದೂ 1 ಲಕ್ಷದ ಮೇಲಿನ ಮೊತ್ತಕ್ಕಲ್ಲ, ಪೂರ್ತಿ ಬಡ್ಡಿಗೆ. ಹಾಗಾಗಿ ಬ್ಯಾಂಕಿನಲ್ಲಿ 14,000, ಅಂಚೆ ಕಚೇರಿಯಲ್ಲಿ 12,300, ಒಟ್ಟು 26,300 ರೂಪಾಯಿ ಸರ್ಕಾರದ ಬಳಿ ಕುಳಿತಿದೆ. ಇದು ಅಷ್ಟೂ ನಿಮ್ಮ ತಂದೆಯ ದುಡ್ಡೇ. ವಾಪಸ್ ಪಡೆಯಲು ರಿಟರ್ನ್ ಬಿಟ್ಟರೆ ಬೇರೆ ದಾರಿಯಿಲ್ಲ.

ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ತಾಣದಲ್ಲಿ ಮೊದಲು ಎಐಎಸ್ ಮತ್ತು 26ಎಎಸ್ (ಆದಾಯ ಮತ್ತು ಹಿಡಿದ ತೆರಿಗೆಯ ವಿವರಪಟ್ಟಿಗಳು) ತೆಗೆದು, ಎರಡೂ ಕಡೆಯ ಟಿಡಿಎಸ್ ಅಲ್ಲಿ ಕಾಣುತ್ತಿದೆಯೇ ನೋಡಿಕೊಳ್ಳಿ. ಅವರಿಗೆ ರಿಟರ್ನ್‌ನ ಐಟಿಆರ್-1 ನಮೂನೆ ಸಾಕು. ಕೊನೆಯ ದಿನ 2026ರ ಜುಲೈ 31. ತಪ್ಪಿದರೆ ಡಿಸೆಂಬರ್ 31ರವರೆಗೆ ತಡವಾಗಿ ಹಾಕಬಹುದು. ಹಾಕಿದ 30 ದಿನದೊಳಗೆ ಇ-ವೆರಿಫೈ ಮಾಡದಿದ್ದರೆ ಹಾಕಿಯೂ ಹಾಕದಂತೆಯೇ. ಹಿರಿಯರ ವಿಷಯದಲ್ಲಿ ಕೆಲಸ ನಿಲ್ಲುವುದು ಇಲ್ಲೇ: ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ, ಎಂದೋ ಬಂದ್ ಆದ ಸಿಮ್‌ಗೆ. ಇನ್ನೊಂದು ತೊಡಕು ಹೆಸರಿನದು. ಪ್ಯಾನ್‌ನಲ್ಲಿ ಅವರ ಹೆಸರು ಅವರ ಅಪ್ಪನ ಹೆಸರು, ಊರಿನ ಹೆಸರು ಸೇರಿ ಉದ್ದಕ್ಕಿರುತ್ತದೆ, ಪಾಸ್‌ಬುಕ್‌ನಲ್ಲಿ ಬರೀ ಇನಿಷಿಯಲ್. ಆಗ ತಾಣದಲ್ಲಿ ಖಾತೆ ‘ವ್ಯಾಲಿಡೇಟ್’ ಆಗುವುದಿಲ್ಲ, ರೀಫಂಡ್ ಮಂಜೂರಾದರೂ ಖಾತೆಗೆ ಬೀಳುವುದಿಲ್ಲ. ರಿಟರ್ನ್ ಹಾಕುವ ಮೊದಲೇ ಬ್ಯಾಂಕಿಗೆ ಹೋಗಿ ಸರಿಮಾಡಿಸಿ.

ಹಿಂದಿನ ಎರಡು ವರ್ಷದ್ದು ಕೊಂಚ ಕಷ್ಟ. ‘ಅಪ್‌ಡೇಟೆಡ್ ರಿಟರ್ನ್’ (ಗಡುವು ಮುಗಿದ ಮೇಲೆ ಹಾಕುವ ರಿಟರ್ನ್) ಹಾಕಿಕೊಡುತ್ತೇವೆ ಎನ್ನುವವರ ಮಾತು ನಂಬಬೇಡಿ, ಅದರಲ್ಲಿ ರೀಫಂಡ್ ಕೇಳಲು ಅವಕಾಶವೇ ಇಲ್ಲ. ತಡವಾದದ್ದನ್ನು ಮನ್ನಿಸಿ ಎಂದು ಅದೇ ತಾಣದಲ್ಲಿ ಅರ್ಜಿ ಹಾಕಬಹುದು. ಆಯಾ ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ಆರ್ಥಿಕ ವರ್ಷದ ಮುಂದಿನ ವರ್ಷ) ಮುಗಿದ 5 ವರ್ಷದವರೆಗೆ ಅವಕಾಶವಿದೆ. ‘ಗೊತ್ತಿರಲಿಲ್ಲ’ ಎಂದಷ್ಟೇ ಬರೆದರೆ ಅರ್ಜಿ ನಿಲ್ಲುವುದು ಕಷ್ಟ. ಅನಾರೋಗ್ಯ, ಮನೆಯಲ್ಲಿ ಸಾವು, ಒಬ್ಬರೇ ಇದ್ದದ್ದು, ಹೀಗೆ ನಿಜವಾದ ಕಾರಣವಿದ್ದರೆ ದಾಖಲೆಯೊಂದಿಗೆ ಬರೆಯಿರಿ. ಮಂಜೂರಾದರೂ ಆ ಮೊತ್ತಕ್ಕೆ ಬಡ್ಡಿ ಸಿಗುವುದಿಲ್ಲ.

ಮುಂದೆ ಟಿಡಿಎಸ್ ಹಿಡಿಯದಂತೆ ನೋಡಿಕೊಳ್ಳಲು ಏಪ್ರಿಲ್‌ನಲ್ಲೇ ತಮಗೆ ತೆರಿಗೆ ಬೀಳುವುದಿಲ್ಲ ಎಂಬ ಘೋಷಣಾ ಪತ್ರ ಕೊಡಬೇಕು. ಇಷ್ಟು ದಿನ ನಾವೆಲ್ಲ 15ಎಚ್ ಎನ್ನುತ್ತಿದ್ದದ್ದು ಇದೇ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಮನೆಯಲ್ಲಿ ಉಳಿದ ಹಳೆಯ ನಮೂನೆ ತುಂಬಬೇಡಿ, ಕೌಂಟರ್‌ನಲ್ಲಿ ಕೇಳಿ ಪಡೆಯಿರಿ. ಬ್ಯಾಂಕಿಗೆ ಒಂದು, ಅಂಚೆ ಕಚೇರಿಗೆ ಒಂದು, ಪ್ರತಿ ವರ್ಷ ಹೊಸದಾಗಿ. ಮುದ್ರೆ ಹಾಕಿದ ಸ್ವೀಕೃತಿ ಪ್ರತಿ ಇಟ್ಟುಕೊಳ್ಳದೆ ಅಲ್ಲಿಂದ ಏಳಬೇಡಿ.

ಪ್ರಶ್ನೆ: ತಾಯಿಯ ಔಷಧದ ಬಿಲ್‌ಗಳನ್ನೆಲ್ಲ ತೆರಿಗೆಗಾಗಿ ಕೂಡಿಡುತ್ತಿದ್ದೇನೆ. ಅವರ ಆದಾಯ ವರ್ಷಕ್ಕೆ 7 ಲಕ್ಷ, ಪಿಂಚಣಿ ಮತ್ತು ಬಡ್ಡಿ ಸೇರಿ. ಪ್ರಯೋಜನವಿದೆಯೇ?

ಉತ್ತರ: ಅವರ ರಿಟರ್ನ್‌ಗಾದರೆ ಇಲ್ಲ. ಬಡ್ಡಿಗೆ 50,000, ಆರೋಗ್ಯ ವಿಮೆ ಅಥವಾ ವಿಮೆ ಇಲ್ಲದಿದ್ದರೆ ಚಿಕಿತ್ಸೆಯ ಖರ್ಚಿಗೆ 50,000, ಈ ವಿನಾಯಿತಿಗಳೆಲ್ಲ ಹಳೆಯ ಪದ್ಧತಿಯವು. 7 ಲಕ್ಷಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ, ಬಿಲ್ ಒಂದೂ ಬೇಡ. ಸೈಟು, ಷೇರು ಮಾರಿದ ವರ್ಷ ಮಾತ್ರ ಬೇರೆಯಾಗಿ ಲೆಕ್ಕ ಹಾಕಿಸಿ. ಬಂಡವಾಳ ಲಾಭದ ವಿಶೇಷ ದರದ ತೆರಿಗೆಗೆ 12 ಲಕ್ಷದ ರಿಯಾಯಿತಿ ಒದಗುವುದಿಲ್ಲ. ನೀವೇ ಹಳೆಯ ಪದ್ಧತಿಯಲ್ಲಿದ್ದು ತಾಯಿಯ ಖರ್ಚು ಭರಿಸುತ್ತಿದ್ದರೆ ಆ 50,000 ನಿಮಗೆ ಸಿಗುತ್ತದೆ. ಆದರೆ ನಗದು ಕೊಟ್ಟ ಬಿಲ್ ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: 75 ದಾಟಿದವರು ರಿಟರ್ನ್ ಹಾಕಬೇಕಿಲ್ಲವಂತೆ, ಹೌದೇ?

ಉತ್ತರ: ಅರ್ಧ ಸತ್ಯ. ಪಿಂಚಣಿ ಮತ್ತು ಬಡ್ಡಿ ಬಿಟ್ಟು ಬೇರೆ ಆದಾಯ ಇರಬಾರದು, ಪಿಂಚಣಿ ಬರುವ ಬ್ಯಾಂಕಿನಿಂದಲೇ ಬಡ್ಡಿಯೂ ಬರಬೇಕು, ಬ್ಯಾಂಕಿಗೆ ಘೋಷಣೆ ಕೊಟ್ಟಿರಬೇಕು. ಆಗಲೂ ಮಾಫಿಯಾಗುವುದು ರಿಟರ್ನ್ ಮಾತ್ರ, ತೆರಿಗೆಯನ್ನು ಬ್ಯಾಂಕೇ ಲೆಕ್ಕ ಹಾಕಿ ಮುರಿದುಕೊಳ್ಳುತ್ತದೆ.

ಪ್ರಶ್ನೆ: ಚಿಕ್ಕಮ್ಮನಿಗೆ ಸಂಧ್ಯಾ ಸುರಕ್ಷಾ ಮಂಜೂರಾಗಿದೆ ಎನ್ನುತ್ತಾರೆ, ಪಾಸ್‌ಬುಕ್‌ನಲ್ಲಿ ಒಂದು ಪೈಸೆಯೂ ಕಾಣುತ್ತಿಲ್ಲ. ನಾಡಕಚೇರಿಗೆ ಅಲೆದು ಸಾಕಾಗಿದೆ.
– ಓದುಗರು, ಗದಗ

ಉತ್ತರ: 65 ದಾಟಿದ ಬಡ ಹಿರಿಯರಿಗೆ ರಾಜ್ಯ ಸರ್ಕಾರ ಕೊಡುವ ತಿಂಗಳ 1,200 ರೂಪಾಯಿ ಇದು. ನೇರ ಜಮೆಯ ಹಣ ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಬರಬೇಕೆಂದಿಲ್ಲ. ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಯಾವುದೋ ಸಂಘದ ಸಾಲಕ್ಕೆಂದೋ ಗ್ಯಾಸ್ ಸಬ್ಸಿಡಿಗೆಂದೋ ತೆರೆದು ಮರೆತ ಖಾತೆಯಲ್ಲಿ ಹಣ ಬಂದು ಬೀಳುತ್ತಿರಬಹುದು. ಚಿಕ್ಕಮ್ಮನ ಆಧಾರ್‌ಗೆ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂಬುದು ಯುಐಡಿಎಐನ ಮೈಆಧಾರ್ ತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ನಲ್ಲಿ ಕಾಣುತ್ತದೆ. ಅಲ್ಲಿ ಯಾವ ಬ್ಯಾಂಕಿನ ಹೆಸರಿದೆಯೋ ಆ ಶಾಖೆಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಏನೂ ತೋರಿಸದಿದ್ದರೆ ಈಗಿನ ಶಾಖೆಯಲ್ಲೇ ಆಧಾರ್ ಸೀಡಿಂಗ್‌ಗೆ (ಜೋಡಣೆಗೆ) ಅರ್ಜಿ ಕೊಟ್ಟು, ಸ್ಟೇಟಸ್ ಬದಲಾದ ಮೇಲೆ ಅದರ ಪ್ರಿಂಟ್ ಹಿಡಿದು ನಾಡಕಚೇರಿಗೆ ಹೋಗಿ.